ಸ್ವಂತ ಇಚ್ಛೆಯಿಂದ

ನನ್ನ ಮಗಳು ಮೂರು ತಿಂಗಳು ಗಣಿತದ ಪೀರಿಯಡ್‌ನಲ್ಲಿ ಕಕ್ಕಸು ತೊಳೆದಳು. ಶಾಲೆಯವರು ಅದಕ್ಕೆ ಇಟ್ಟ ಹೆಸರು ‘ಕಲಿಕೆಯ ಒಡೆತನ’.

ಆ ಶಾಲೆಯಲ್ಲಿ ಕಕ್ಕಸು ತೊಳೆಯುವವಳು ನಾನು. ಹನ್ನೊಂದು ವರ್ಷ ತೊಳೆದಿದ್ದೇನೆ. ಅವರು ವಾಶ್‌ರೂಮ್ ಅನ್ನುತ್ತಾರೆ. ಬಳಸುವವರಿಗೆ ಅದು ವಾಶ್‌ರೂಮ್, ತೊಳೆಯುವವಳಿಗೆ ಕಕ್ಕಸು. ಮೇಲಿನ ಮಹಡಿಯಲ್ಲಿ ಆರು, ಕೆಳಗೆ ಎಂಟು, ಟೀಚರುಗಳಿಗೆ ಬೇರೆ ಎರಡು. ಮೊದಲು ನಾವು ಇಬ್ಬರಿದ್ದೆವು. ಇನ್ನೊಬ್ಬಳು ನನಗಿಂತ ಹಿರಿಯಳು, ಅಕ್ಕ ಅನ್ನುತ್ತಿದ್ದೆ. ಅವಳ ಮಂಡಿ ಹೋಯಿತು. ಮನೆಗೆ ಕಳಿಸಿದರು. ಅವಳ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಇಬ್ಬರ ಕೆಲಸ ಒಬ್ಬಳ ಸೊಂಟಕ್ಕೆ ಬಿತ್ತು.

ಹೆಡ್‌ಮಾಸ್ಟರ್‌ಗೆ ಹೇಳಿದೆ. “ನೋಡೋಣ” ಅಂದರು. ಆ ಮನುಷ್ಯನ ಬಾಯಲ್ಲಿ ‘ನೋಡೋಣ’ ಅಂದರೆ ‘ನೀನು ಹೊರಡು’ ಅಂತ ಅರ್ಥ. ಹೊರಟೆ.

ಆ ವರ್ಷ ಶಾಲೆ ತೆರೆದ ಹೊಸದರಲ್ಲಿ ಒಬ್ಬರು ತರಬೇತಿ ಮೇಡಂ ಬಂದರು. ಎರಡು ದಿನ ಸಭಾಂಗಣದಲ್ಲಿ ಟೀಚರುಗಳನ್ನು ಕೂರಿಸಿಕೊಂಡು ಪಾಠ ಮಾಡಿದರು. ನೀರು ಕೊಡುವುದು, ಲೋಟ ತೊಳೆಯುವುದು, ನೆಲದ ಮೇಲೆ ಬಿದ್ದ ಬಣ್ಣದ ಚೀಟಿಗಳನ್ನು ಆರಿಸುವುದು ನನ್ನ ಪಾಲು. ಬಾಗಿಲ ಬಳಿ ನಿಂತು ಕೇಳಿಸಿಕೊಂಡೆ. ಗುರಿ ಮಕ್ಕಳೇ ಬರೆಯಲಿ. ಕೆಲಸ ಮಕ್ಕಳೇ ಆರಿಸಲಿ. ಪ್ರಶ್ನೆ ಮಕ್ಕಳೇ ಕೇಳಲಿ. ಎಷ್ಟು ಕಲಿತೆ, ಎಲ್ಲಿ ತಪ್ಪಿದೆ ಅಂತ ಅವರೇ ಅಳೆಯಲಿ. ಕೊನೆಗೆ ತಂದೆ ತಾಯಿಯ ಮುಂದೆ ಅವರೇ ನಿಂತು ಹೇಳಲಿ. ಕಲಿಯುವ ಮಗು ತನ್ನ ಕಲಿಕೆಗೆ ತಾನೇ ಒಡೆಯ.

ಸುಳ್ಳು ಯಾಕೆ ಹೇಳಲಿ, ನನಗೆ ಆ ಮಾತು ಹಿಡಿಸಿತು. ನಾನು ನಾಲ್ಕನೇ ಕ್ಲಾಸಿಗೆ ಬಿಟ್ಟವಳು. ನನ್ನನ್ನು ಯಾರೂ ಏನೂ ಆರಿಸು ಅಂದಿರಲಿಲ್ಲ. ಮಗಳು ಏಳನೇ ಕ್ಲಾಸು. ಅವಳಾದರೂ ಒಡೆಯಳಾಗಲಿ ಅಂದುಕೊಂಡೆ.

ಟೀಚರುಗಳು ಮಾತ್ರ ಆಕಳಿಸುತ್ತಿದ್ದರು. ಏಳನೇ ಕ್ಲಾಸಿನ ಟೀಚರ್ ಚೀಟಿಯ ಹಿಂದೆ ತರಕಾರಿ ಪಟ್ಟಿ ಬರೆದಿದ್ದರು. ಗುಡಿಸುವಾಗ ನಾನೇ ಓದಿದೆ.

ಒಂದು ವಾರದಲ್ಲಿ ಗೋಡೆ ತುಂಬಿಹೋಯಿತು. ಗುರಿಯ ಮರ, ಪ್ರಶ್ನೆಯ ಡಬ್ಬಿ, ನಗುಮುಖದ ಪಟ್ಟಿ. ಧೂಳು ಒರೆಸುವವಳಿಗೆ ಎಲ್ಲವೂ ಬಾಯಿಪಾಠ. ನಡುವೆ ‘ಜವಾಬ್ದಾರಿ ಫಲಕ’. ಅದರಲ್ಲಿ ಬಟ್ಟೆಯ ಜೇಬುಗಳು. ಗಣಿತ ಮೂಲೆ, ವಿಜ್ಞಾನ ಮೂಲೆ, ಪುಸ್ತಕ ಮೂಲೆ, ಸ್ವಚ್ಛತೆ. ಪ್ರತಿ ಸೋಮವಾರ ಮಕ್ಕಳು ತಮ್ಮ ಹೆಸರಿನ ಚೀಟಿಯನ್ನು ತಾವೇ ಒಂದು ಜೇಬಿಗೆ ಹಾಕಬೇಕು.

ಅದೇ ಸಮಯಕ್ಕೆ ನನಗೆ ಒಂದು ಆಶ್ಚರ್ಯ ಕಾದಿತ್ತು. ಬೆಳಿಗ್ಗೆ ಏಳಕ್ಕೆ ಬಂದು ಮೊದಲು ಅಂಗಳ, ಆಮೇಲೆ ಕ್ಲಾಸುಗಳು, ಆಮೇಲೆ ಮೇಲಿನ ಮಹಡಿ ಮುಗಿಸಿ ಹನ್ನೊಂದಕ್ಕೆ ಕೆಳಗೆ ಇಳಿಯುತ್ತಿದ್ದೆ. ಇಳಿದು ನೋಡಿದರೆ ಹುಡುಗಿಯರ ಕಡೆಯ ನಾಲ್ಕು ಕಕ್ಕಸು ಆಗಲೇ ತೊಳೆದಿವೆ. ನೆಲ ಒದ್ದೆ. ಬ್ರಶ್ಶು ಗೋಡೆಗೆ ಒರಗಿದೆ. ಮರುದಿನವೂ ಹಾಗೇ. ಗೇಟಿನ ಕಾವಲುಗಾರನನ್ನು ಕೇಳಿದೆ.

“ಹೊಸಬಳು ಯಾರಾದ್ರೂ ಬರ್ತಾಳಾ ಅಣ್ಣ?”

“ಬರ್ತಾರೆ, ಬರ್ತಾರೆ” ಅಂದು ಅವನು ಬೀಡಿ ಹಚ್ಚಿಕೊಂಡ. ನನ್ನ ಮುಖ ನೋಡಲಿಲ್ಲ.

ಕೊನೆಗೂ ಹೆಡ್‌ಮಾಸ್ಟರ್ ನೋಡಿದರು ಅಂದುಕೊಂಡೆ. ಹತ್ತು ನಿಮಿಷ ಮೆಟ್ಟಿಲ ಮೇಲೆ ಕೂತು ಸೊಂಟ ನೀವಿಕೊಂಡೆ. ಯಾವ ತಾಯಿ ಹೆತ್ತ ಮಗಳೋ, ಆ ತಾಯಿಯ ಹೊಟ್ಟೆ ತಣ್ಣಗಿರಲಿ ಅಂತ ಬಾಯಿ ಬಿಟ್ಟು ಹರಸಿದೆ.

ಮನೆಯಲ್ಲಿ ಮಗಳ ಬೆರಳು ಸುಲಿಯುತ್ತಿದ್ದವು. ಉಗುರಿನ ಸುತ್ತ ಬಿಳಿಚಿಕೊಂಡು ಪದರ ಏಳುತ್ತಿತ್ತು. “ಏನೇ ಇದು?” ಅಂದೆ. “ಚಾಕ್‌ಪೀಸ್ ಅಮ್ಮ, ಆಗಿಬರಲ್ಲ” ಅಂದಳು. ಎಣ್ಣೆ ಹಚ್ಚಿದೆ. ಬ್ಲೀಚಿಂಗ್ ಪುಡಿ ತಿಂದ ಕೈ ಹೇಗಿರುತ್ತದೆ ಅಂತ ನನಗೆ ಗೊತ್ತಿಲ್ಲವೇ? ನನ್ನ ಕೈಯೇ ಹಾಗಿದೆ. ಆದರೂ ನಂಬಿದೆ. ನಂಬಿದರೆ ಹತ್ತು ನಿಮಿಷ ಕೂರಬಹುದಿತ್ತು. ಇದನ್ನು ಮುಚ್ಚಿಟ್ಟು ಕಥೆ ಹೇಳಿದರೆ ನಾನೂ ಅವರ ಜಾತಿಗೇ ಸೇರುತ್ತೇನೆ.

ಒಂದು ದಿನ ಮೇಲಿನ ನಲ್ಲಿ ನಿಂತುಹೋಯಿತು. ಹತ್ತೂಕಾಲಿಗೆ ಬಕೆಟ್ ಹಿಡಿದು ಕೆಳಗೆ ಬಂದೆ. ಒಳಗೆ ಉಜ್ಜುವ ಸದ್ದು. ಬಾಗಿಲು ತಳ್ಳಿದೆ.

ಮಗಳು ಕುಕ್ಕರಗಾಲಲ್ಲಿ ಕೂತಿದ್ದಳು. ಯೂನಿಫಾರ್ಮ್ ಮಂಡಿಯ ಮೇಲಕ್ಕೆ ಎತ್ತಿ ಕಟ್ಟಿದ್ದಳು. ಮೂಗಿಗೆ ಕರ್ಚೀಫು. ಕೈಯಲ್ಲಿ ನನ್ನ ಬ್ರಶ್ಶು. ಯಾರೋ ದೊಡ್ಡ ಮನೆಯ ಕುಡಿಗಳು ನೀರು ಹಾಕದೆ ಹೋಗಿದ್ದರು. ಅದನ್ನು ಉಜ್ಜುತ್ತಿದ್ದಳು. ಒಳ್ಳೆಯ ಕೈ. ಅಂಚಿನಿಂದ ಶುರು ಮಾಡಿ ನಡುವಿಗೆ ತರುತ್ತಿದ್ದಳು, ನನ್ನ ಹಾಗೇ. ನಾನು ಕಲಿಸಿರಲಿಲ್ಲ.

“ಯಾರು ಮಾಡು ಅಂದಿದ್ದು?”

“ಯಾರೂ ಇಲ್ಲ. ನಾನೇ ಆರಿಸ್ಕೊಂಡೆ.”

“ಬಾಯಿ ಮುಚ್ಚೇ. ಯಾರು ಅಂದಿದ್ದು?”

ಅವಳು ಬ್ರಶ್ಶನ್ನು ಬಕೆಟ್ಟಿಗೆ ಅದ್ದಿದಳು. ಆಮೇಲೆ ಹೇಳಿದಳು. ಮೊದಲ ಸೋಮವಾರ ಅವಳ ಸರದಿ ಬರುವಷ್ಟರಲ್ಲಿ ಬೇರೆ ಜೇಬುಗಳೆಲ್ಲ ತುಂಬಿದ್ದವು. ಎರಡನೇ ಸೋಮವಾರ ಅವಳೇ ಮೊದಲು ಓಡಿ ಗಣಿತ ಮೂಲೆಗೆ ಚೀಟಿ ಹಾಕಿದಳು. ಟೀಚರ್ ತೆಗೆದು ಸ್ವಚ್ಛತೆಗೆ ಹಾಕಿದರು. “ನಿನಗೆ ಅಭ್ಯಾಸ ಇದೆ, ಉಳಿದವರಿಗೆ ಗೊತ್ತಾಗಲ್ಲ” ಅಂದರು. ಕ್ಲಾಸು ನಕ್ಕಿತು. ತೊಳೆಯಲು ಕಳಿಸುತ್ತಿದ್ದುದು ಗಣಿತದ ಪೀರಿಯಡ್‌ನಲ್ಲೇ. ಅವಳನ್ನು ಕ್ಲಾಸಿನಲ್ಲಿ ‘ಫಿನಾಯಿಲ್’ ಅನ್ನುತ್ತಾರಂತೆ. ಅದೂ ನನಗೆ ಅವತ್ತೇ ಗೊತ್ತಾಗಿದ್ದು.

“ಬೇಡ ಅನ್ನಬೇಕಿತ್ತು ಕಣೇ.”

“ಅಂದೆ. ನೀನು ಮಾಡಲಿಲ್ಲ ಅಂದ್ರೆ ನಿಮ್ಮಮ್ಮನೇ ಮಾಡ್ಬೇಕಲ್ಲ, ಯೋಚನೆ ಮಾಡು ಅಂದ್ರು. ನಿಂಗೆ ರಾತ್ರಿ ಸೊಂಟ ಹಿಡಿಯುತ್ತೆ. ಅದಕ್ಕೇ.”

ನಾನು ಅವಳ ಕೈಯಿಂದ ಬ್ರಶ್ಶು ಕಿತ್ತುಕೊಂಡೆ. ಮಣಿಕಟ್ಟು ಹಿಡಿದು ಸೀದಾ ಕ್ಲಾಸಿಗೆ ಎಳೆದುಕೊಂಡು ಹೋದೆ. ಇಬ್ಬರ ಕೈಯಿಂದಲೂ ನೀರು ತೊಟ್ಟಿಕ್ಕುತ್ತಿತ್ತು. ಬೋರ್ಡಿನ ಮೇಲೆ ಭಿನ್ನರಾಶಿಯ ಭಾಗಾಕಾರ. ಮುಂದಿನ ಬೆಂಚಿನವರು ಮೂಗು ಮುಚ್ಚಿಕೊಂಡರು.

ಟೀಚರ್ ಗಾಬರಿಯಾಗಲಿಲ್ಲ. ಬೀರುವಿನಿಂದ ಮಗಳ ಫೈಲು ತೆಗೆದರು. “ಬಲವಂತ ಏನಿಲ್ಲ ಅಮ್ಮ. ನೋಡು, ಅವಳದೇ ಬರಹ. ಅವಳದೇ ಸಹಿ.”

ಕೂಡಿಸಿ ಓದಿದೆ. ‘ನನ್ನ ಗುರಿ: ಸ್ವಚ್ಛತೆಯ ಜವಾಬ್ದಾರಿಯನ್ನು ನಾನು ಸ್ವಂತ ಇಚ್ಛೆಯಿಂದ, ಸಂತೋಷದಿಂದ ವಹಿಸಿಕೊಳ್ಳುತ್ತೇನೆ.’ ಕೆಳಗೆ ಹನ್ನೆರಡು ವಾರಕ್ಕೆ ಹನ್ನೆರಡು ನಗುಮುಖ. ಅದರ ಹಿಂದಿನ ಹಾಳೆ ತಿರುಗಿಸಿದೆ. ಅಲ್ಲಿ ಮಗಳು ಬರೆದಿದ್ದಳು: ‘ನನ್ನ ಗುರಿ: ಭಿನ್ನರಾಶಿ ಭಾಗಿಸಲು ಕಲಿಯಬೇಕು.’ ಅದರ ಮೇಲೆ ಕೆಂಪು ಶಾಯಿಯ ಅಡ್ಡಗೆರೆ. ಪಕ್ಕದಲ್ಲಿ ‘ತಿದ್ದಿ ಬರೆ’.

ಗುರಿಗೂ ಕೆಂಪು ಶಾಯಿ! ಮಗುವಿನ ಆಸೆಯಲ್ಲಿ ಕಾಗುಣಿತ ತಪ್ಪಿತ್ತೇನೋ.

“ಈ ನಗುಮುಖ ಯಾರು ಅಂಟಿಸಿದ್ದು?” ಅಂದೆ.

“ಎಲ್ಲರದೂ ನಾನೇ ಅಂಟಿಸ್ತೀನಿ. ಮಕ್ಕಳು ಗೋಂದು ಚೆಲ್ತಾರೆ.”

ಹೆಡ್‌ಮಾಸ್ಟರ್ ಹತ್ತಿರ ಹೋದೆ. ಅವರು ದುಡಿಮೆಯ ಗೌರವದ ಬಗ್ಗೆ ಕಾಲು ಗಂಟೆ ಮಾತಾಡಿದರು. ಯಾವ ಕೆಲಸವೂ ಕೀಳಲ್ಲ ಅಂದರು. ತಮ್ಮ ಲೋಟ ತಾವು ಎತ್ತಿಟ್ಟವರಲ್ಲ ಆ ಮನುಷ್ಯ. ಕುಡಿದ ಲೋಟ ಮೇಜಿನ ಮೇಲೆ ಒಣಗಿ ಇರುವೆ ಮುತ್ತಿತ್ತು.

“ಅಷ್ಟು ಗೌರವದ ಕೆಲಸ ಆದ್ರೆ ಎಲ್ಲರಿಗೂ ಹಂಚಿ ಸಾರ್. ನನ್ನ ಮಗಳೊಬ್ಬಳೇ ಯಾಕೆ ಅಷ್ಟೊಂದು ಗೌರವ ಹೊರಬೇಕು?”

ಅವರ ಮುಖ ಬಿಗಿಯಾಯಿತು. “ನೋಡು, ನೀನು ಕಂಟ್ರಾಕ್ಟಿನವಳು. ನಿನ್ನಂಥವರು ಗೇಟಿನ ಹೊರಗೆ ಸಾಲು ನಿಂತಿದ್ದಾರೆ. ಬಾಯಿ ಹಿಡಿತದಲ್ಲಿರಲಿ.”

ಬಾಯಿ ಹಿಡಿತದಲ್ಲಿಟ್ಟೆ. ಆದರೆ ಮಗಳಿಗೆ ಹೇಳಿದೆ, ನಾಳೆಯಿಂದ ಬ್ರಶ್ಶು ಮುಟ್ಟಿದರೆ ಕೈ ಮುರೀತೀನಿ ಅಂತ. ಅವಳು ಮುಟ್ಟಲಿಲ್ಲ. ಟೀಚರ್ ಫಲಕದಲ್ಲಿ ಅವಳ ಹೆಸರಿನ ಎದುರು ‘ಜವಾಬ್ದಾರಿ ಅಪೂರ್ಣ’ ಅಂತ ಬರೆದರು. ಬೆಳಿಗ್ಗೆ ಧೂಳು ಹೊಡೆಯುವಾಗ ಅದು ಅಳಿಸದ ಹಾಗೆ ಸುತ್ತ ಒರೆಸಿ ನಾನೇ ಕಾಪಾಡಬೇಕಾಯಿತು. ಕೆಳಗಿನ ಎಂಟು ಕಕ್ಕಸೂ ಮತ್ತೆ ನನ್ನ ಪಾಲಿಗೆ ಬಂದವು.

ಗಣಿತದಲ್ಲಿ ಮಗಳಿಗೆ ಹಿಂದಿನ ಪಾಠ ಗೊತ್ತಿಲ್ಲದೆ ಮುಂದಿನದು ಹತ್ತುತ್ತಿರಲಿಲ್ಲ. ಟೀಚರನ್ನು ಕೇಳಿದರೆ, “ಈಗೆಲ್ಲ ನೀವೇ ಕಲೀಬೇಕು, ನಾನು ಹೇಳಿಕೊಡೋ ಹಾಗಿಲ್ಲ” ಅಂದರಂತೆ. ಸೋಮಾರಿಗೂ ಒಂದು ಸಿದ್ಧಾಂತ ಸಿಕ್ಕಿತ್ತು. ನಮ್ಮ ಓಣಿಯ ದರ್ಜಿ ಮಾವನ ಅಂಗಡಿಗೆ ಅವಳೇ ಹೋದಳು. ಅವನು ಶಾಲೆಗೆ ಹೋದವನಲ್ಲ. ಬಟ್ಟೆ ಅಳೆದು ಕಲಿತವನು.

“ಮೂರೂಮುಕ್ಕಾಲು ಮೀಟರ್ ಬಟ್ಟೆ ಇದೆ ಕಣಮ್ಮ. ಒಂದು ಅಂಗಿಗೆ ಮುಕ್ಕಾಲು ಮೀಟರ್. ಎಷ್ಟು ಅಂಗಿ?”

ಅವಳು ಟೇಪು ಹಿಡಿದು ಮಡಿಸಿ ಮಡಿಸಿ ನೋಡಿದಳು. “ಐದು.”

“ಅಷ್ಟೇ. ಭಾಗಾಕಾರ ಅಂದ್ರೆ ಇಷ್ಟೇ. ಅದಕ್ಕೆ ಗೋಡೆಗೆಲ್ಲ ಯಾಕೆ ಬಣ್ಣ ಹಚ್ತಾರೆ?”

ಎರಡು ವಾರ ಸಂಜೆ ಸಂಜೆ ಅಲ್ಲೇ ಕೂತಳು. ಕಾಗದದ ಮೇಲೆ ತಲೆಕೆಳಗು ಮಾಡಿ ಗುಣಿಸುವುದು ಯಾಕೆ ಅನ್ನುವುದನ್ನು ಅವನಿಗೆ ಇವಳೇ ಪುಸ್ತಕ ನೋಡಿ ಹೇಳಿದಳು. ಅವನು ಕತ್ತರಿ ಕೆಳಗಿಟ್ಟು, “ಓಹೋ, ಹಾಗೋ” ಅಂದ. ನಾನು ಗುಂಡಿ ಹೊಲಿಯುತ್ತಾ ಕೇಳಿಸಿಕೊಂಡೆ. ಗುಂಡಿ ಹೊಲಿಯುವುದು ನಮ್ಮ ಕಡೆಯಿಂದ ಕೊಟ್ಟ ಫೀಸು.

ಅಷ್ಟರಲ್ಲಿ ಪ್ರದರ್ಶನದ ದಿನ ಬಂತು. ಮಕ್ಕಳೇ ಪಾಲಕರ ಸಭೆ ನಡೆಸುವ ದಿನ. ಮೇಲಿನ ಆಫೀಸಿನಿಂದ ಅಧಿಕಾರಿ ಬರುತ್ತಾರೆ, ತರಬೇತಿ ಮೇಡಂ ಬರುತ್ತಾರೆ. ಬಡವರ ಮನೆಯ ಒಂದು ಮಗುವಾದರೂ ಮಾತಾಡಬೇಕು ಅಂತ ಮೇಡಂ ಹೇಳಿ ಕಳಿಸಿದ್ದರು. ಹೆಡ್‌ಮಾಸ್ಟರ್ ಹುಡುಕಿದರು. ಅವರ ಬಳಿ ಇದ್ದದ್ದು ನಾವೇ. ಕಾರ್ಯವಾಸಿ ಕತ್ತೆ ಕಾಲು ಹಿಡಿ ಅನ್ನುತ್ತಾರಲ್ಲ, ನನ್ನನ್ನು ಕರೆಸಿ “ಕೂತ್ಕೊಳ್ಳಮ್ಮ” ಅಂದರು. ಹನ್ನೊಂದು ವರ್ಷದಲ್ಲಿ ಆ ಕೋಣೆಯಲ್ಲಿ ನಾನು ಕುರ್ಚಿ ಒರೆಸಿದ್ದೆ, ಕೂತಿರಲಿಲ್ಲ.

“ನಿನ್ನ ಮಗಳೇ ಮಾತಾಡ್ತಾಳೆ. ಟೀಚರ್ ಬರೆದುಕೊಡ್ತಾರೆ. ಆವತ್ತು ನೀನು ಪೊರಕೆ ಮುಟ್ಟಬೇಡ. ಒಳ್ಳೆ ಬಟ್ಟೆ ಹಾಕ್ಕೊಂಡು ಪಾಲಕಿಯಾಗಿ ಬಾ.”

“ಕೆಲಸ ಸಾರ್?”

“ಕೆಲಸ ಬೇಡ ಅಂದ್ನಲ್ಲ. ಆವತ್ತು ನೀನು ಪಾಲಕಿ.”

ಆಗಲಿ ಅಂದೆ.

ಟೀಚರ್ ಒಂದು ಪುಟ ಬರೆದುಕೊಟ್ಟಿದ್ದರು. ‘ಮೊದಲು ನನಗೆ ಕಲಿಕೆಯಲ್ಲಿ ಆಸಕ್ತಿ ಇರಲಿಲ್ಲ’ ಅಂತ ಶುರು. ‘ಸ್ವಚ್ಛತೆಯ ಜವಾಬ್ದಾರಿ ನನ್ನ ಬದುಕನ್ನೇ ಬದಲಿಸಿತು’ ಅಂತ ಕೊನೆ. ಮಗಳು ಅದನ್ನು ಬಾಯಿಪಾಠ ಮಾಡಿ ನನಗೆ ಒಪ್ಪಿಸಿದಳು. ಒಂದು ಅಕ್ಷರವೂ ತಪ್ಪಲಿಲ್ಲ. ಆಮೇಲೆ, “ಇದು ನಂಗೆ ಬರುತ್ತೆ ಅಂತ ಗೊತ್ತಾಯ್ತಲ್ಲ? ಬರಲಿಲ್ಲ ಅಂತ ಯಾರಾದ್ರೂ ಅಂದ್ರೆ ಆವತ್ತು ಇದನ್ನ ನೆನಪಿಟ್ಕೋ” ಅಂದಳು. ನನಗೆ ಅರ್ಥವಾಗಲಿಲ್ಲ. ಕೇಳಲೂ ಇಲ್ಲ.

ಆ ದಿನ ಸಭಾಂಗಣ ತುಂಬಿತ್ತು. ಮುಂದೆ ಅಧಿಕಾರಿ, ಪಕ್ಕದಲ್ಲಿ ಮೇಡಂ. ಮೂರನೇ ಸಾಲಿನ ತುದಿಯಲ್ಲಿ ನಾನು. ಮಗಳ ಕ್ಲಾಸಿನ ಹುಡುಗನೊಬ್ಬನ ತಾಯಿ, ವಕೀಲರ ಹೆಂಡತಿ, ತನ್ನ ಚೀಲವನ್ನು ನಮ್ಮಿಬ್ಬರ ನಡುವಿನ ಕುರ್ಚಿಯ ಮೇಲಿಟ್ಟಳು. ಮಕ್ಕಳು ಒಬ್ಬೊಬ್ಬರೇ ಬಂದು ಗಿಣಿಗಳ ಹಾಗೆ ಉಲಿದರು. ಎಲ್ಲರ ಬದುಕೂ ಬದಲಾಗಿತ್ತು.

ಮಗಳು ಬಂದಳು. ಟೀಚರ್ ಕೊಟ್ಟ ಪುಟವನ್ನು ಮೇಜಿನ ಮೇಲಿಟ್ಟಳು. ತನ್ನ ಗಣಿತದ ನೋಟ್‌ಬುಕ್ ತೆರೆದಳು.

“ನಾನು ಎಷ್ಟು ಕಲಿತೆ ಅಂತ ನಾನೇ ಅಳೀಬೇಕು ಅಂತ ಹೇಳಿದಾರೆ. ಅಳೆದಿದೀನಿ” ಅಂದಳು. ಬೋರ್ಡಿನ ಕಡೆ ತಿರುಗಿ ಚಾಕ್‌ಪೀಸ್ ಎತ್ತಿಕೊಂಡಳು. “ಮೂರು ತಿಂಗಳಲ್ಲಿ ಗಣಿತದ ಪೀರಿಯಡ್ ಅರವತ್ತಾರು. ಅದರಲ್ಲಿ ಐವತ್ತೈದು ಪೀರಿಯಡ್ ನಾನು ಕಕ್ಕಸು ತೊಳೆದೆ.”

ಐವತ್ತೈದರ ಕೆಳಗೆ ಗೆರೆ ಎಳೆದು ಅರವತ್ತಾರು ಬರೆದಳು. ಹನ್ನೊಂದರಿಂದ ಎರಡನ್ನೂ ಹೊಡೆದಳು. “ಆರರಲ್ಲಿ ಐದು ಭಾಗ. ಇದು ಸಂಕ್ಷಿಪ್ತ ರೂಪ. ಇದನ್ನ ನಾನು ಈ ಶಾಲೆಯಲ್ಲಿ ಕಲಿತಿದ್ದಲ್ಲ, ನಮ್ಮ ಓಣಿ ದರ್ಜಿ ಅಂಗಡಿಯಲ್ಲಿ ಕಲಿತಿದ್ದು.”

ಹೆಡ್‌ಮಾಸ್ಟರ್ ಎದ್ದರು. “ಸಾಕು ಸಾಕು, ಮಗು ಹೆದರಿದೆ, ಪಾಠ ಮರೆತಿದೆ...”

“ಮರೆತಿಲ್ಲ” ಅಂದೆ ನಾನು, ಕೂತಲ್ಲಿಂದಲೇ. “ನಿನ್ನೆ ನನಗೆ ಪೂರ್ತಿ ಒಪ್ಪಿಸಿದಾಳೆ.”

ಮಗಳು ಅವರ ಕಡೆ ನೋಡಲಿಲ್ಲ. “ಪ್ರಶ್ನೆಯನ್ನೂ ನಾವೇ ಕೇಳಬೇಕು ಅಂದಿದಾರೆ. ನನ್ನ ಪ್ರಶ್ನೆ ಇದು. ಒಂದು ಕ್ಲಾಸಿನಲ್ಲಿ ನಲವತ್ತು ಮಕ್ಕಳು. ಕಕ್ಕಸಿಗೆ ಎಲ್ಲರೂ ಹೋಗ್ತಾರೆ. ಒಬ್ಬಳೇ ತೊಳೀತಾಳೆ. ಉಳಿದ ಮೂವತ್ತೊಂಬತ್ತು ಜನ ಏನು ಕಲಿತರು?”

ಯಾರಾದರೂ ಬೈಯಬಹುದಿತ್ತು, ಅಳಬಹುದಿತ್ತು, ತಲೆ ತಗ್ಗಿಸಬಹುದಿತ್ತು. ತರಬೇತಿ ಮೇಡಂ ಎದ್ದರು. ಕಣ್ಣು ಒದ್ದೆಯಾಗಿತ್ತು. “ತುಂಬಾ ಶಕ್ತಿಯುತವಾದ ಪ್ರಶ್ನೆ” ಅಂದರು. ಚೀಲದಿಂದ ಒಂದು ಹಳದಿ ಚೀಟಿ ತೆಗೆದು ಪ್ರಶ್ನೆಯನ್ನು ಬರೆದು, ‘ಯೋಚಿಸೋಣ’ ಅನ್ನುವ ಫಲಕಕ್ಕೆ ಅಂಟಿಸಿದರು. ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು. ನನ್ನ ಮಗಳ ಐವತ್ತೈದು ಪೀರಿಯಡ್ ಅಂಗೈಯಗಲದ ಚೀಟಿಯಲ್ಲಿ ಮುಗಿಯಿತು.

ಅಷ್ಟು ಹೊತ್ತಿಗೆ ಅಧಿಕಾರಿ ಹೆಡ್‌ಮಾಸ್ಟರ್ ಕಿವಿಯಲ್ಲಿ ಏನೋ ಅಂದರು. ಹೆಡ್‌ಮಾಸ್ಟರ್ ಬಾಗಿಲಿಂದಾಚೆ ಹೋಗಿ ಬಂದರು. ಕಕ್ಕಸನ್ನು ಬೆಳಿಗ್ಗೆಯಿಂದ ಇನ್ನೂರು ಜನ ಬಳಸಿದ್ದರು, ಯಾರೂ ತೊಳೆದಿರಲಿಲ್ಲ. ನನ್ನ ಕಡೆ ಎರಡು ಬೆರಳು ಆಡಿಸಿದರು. ಏಳು ಅಂತ.

ನಾನು ಏಳಲಿಲ್ಲ.

ಹತ್ತಿರ ಬಂದು ಹಲ್ಲು ಕಚ್ಚಿಕೊಂಡು, “ಬೇಗ ಒಂದು ಸಲ ನೀರು ಹಾಕು. ಸಾಹೇಬರು ಕಾಯ್ತಿದಾರೆ” ಅಂದರು.

“ಇವತ್ತು ನಾನು ಪಾಲಕಿ ಸಾರ್. ನೀವೇ ಹೇಳಿದ್ರಿ.”

“ತಮಾಷೆ ಮಾಡ್ತಿದೀಯಾ?”

“ಇಲ್ಲ ಸಾರ್. ಯಾವ ಕೆಲಸವೂ ಕೀಳಲ್ಲ. ಬಕೆಟ್ ಮೆಟ್ಟಿಲ ಕೆಳಗಿದೆ. ಬ್ರಶ್ಶು ಪಕ್ಕದಲ್ಲೇ ಇದೆ. ಅಂಚಿನಿಂದ ಶುರು ಮಾಡಿ, ನಡುವಿಗೆ ಬನ್ನಿ.”

ಇದನ್ನು ನಾನು ಮೆತ್ತಗೆ ಹೇಳಲಿಲ್ಲ. ವಕೀಲರ ಹೆಂಡತಿ ಚೀಲವನ್ನು ಎತ್ತಿ ಮಡಿಲಿಗಿಟ್ಟುಕೊಂಡಳು. ಅಧಿಕಾರಿ ಕರ್ಚೀಫು ಮೂಗಿಗೊತ್ತಿ ಹಾಗೇ ಒಳಗೆ ಹೋದರು. ಕ್ಷಣದಲ್ಲಿ ಹೊರಗೆ ಬಂದರು. ಆಮೇಲೆ ಸಭೆ ಬೇಗ ಮುಗಿಯಿತು.

ಹೋಗುವ ಮುಂಚೆ ಅಧಿಕಾರಿ ಶಾಲೆಯ ಭೇಟಿ ಪುಸ್ತಕದಲ್ಲಿ ಬರೆದು ಹೋದರು: ಸ್ವಚ್ಛತೆ ಎಲ್ಲ ಮಕ್ಕಳಿಗೂ ಸರದಿಯ ಮೇಲೆ. ಸೋಮವಾರ ಸರದಿ ಶುರುವಾಯಿತು. ಮೊದಲ ಹೆಸರು ವಕೀಲರ ಮಗನದು. ಅವನು ಬಕೆಟ್ ಎತ್ತಿದನಷ್ಟೆ. ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ವಕೀಲರು ಬಂದರು. ನನ್ನ ಮಗ ಕಕ್ಕಸು ಮುಟ್ಟೋಕೆ ನಿಮ್ಮ ಶಾಲೆಗೆ ಬರ್ತಾನಾ ಅಂತ ಕಿರುಚಿದ್ದು ಮೇಲಿನ ಮಹಡಿಗೂ ಕೇಳಿಸಿತು. ಮಧ್ಯಾಹ್ನದೊಳಗೆ ಜವಾಬ್ದಾರಿ ಫಲಕ ಗೋಡೆಯಿಂದ ಇಳಿಯಿತು. ದುಡಿಮೆಯ ಗೌರವ ಒಂದೂವರೆ ದಿನ ಬದುಕಿತ್ತು. ಬುಧವಾರ ಕಂಟ್ರಾಕ್ಟರು ಇಬ್ಬರು ಹೆಂಗಸರನ್ನು ಕಳಿಸಿದ. ಇಬ್ಬರು. ನಾನು ಒಂದು ವರ್ಷ ಒಬ್ಬಳೇ ಮಾಡಿದ ಕೆಲಸಕ್ಕೆ.

ನನ್ನನ್ನು ಆಫೀಸಿಗೆ ಕರೆದರು. ಈ ಸಲ ಕೂತ್ಕೋ ಅನ್ನಲಿಲ್ಲ. ಒಂದು ಟೈಪ್ ಮಾಡಿದ ಹಾಳೆ, ಒಂದು ಪೆನ್ನು ಮುಂದೆ ತಳ್ಳಿದರು.

“ಸಹಿ ಮಾಡು.”

ನಾನು ಹಾಳೆ ಎತ್ತಿಕೊಂಡೆ. ಅಕ್ಷರ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದೆ. ತುಂಬಾ ಹೊತ್ತು ಹಿಡಿಯಿತು. ಹೆಡ್‌ಮಾಸ್ಟರ್ ಎರಡು ಸಲ ಗಡಿಯಾರ ನೋಡಿದರು. ‘ವೈಯಕ್ತಿಕ ಕಾರಣಗಳಿಂದ ನಾನು ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ.’

“ಇದು ಯಾರ ಇಚ್ಛೆ ಸಾರ್?”

“ಸುಮ್ನೆ ಸಹಿ ಮಾಡು. ನಿನಗೇ ಒಳ್ಳೇದು. ಬೇರೆ ಕಡೆ ಕೆಲಸ ಸಿಗುತ್ತೆ.”

“ನಂಗೆ ಬಿಡೋ ಇಚ್ಛೆ ಇಲ್ಲ. ತೆಗೀಬೇಕು ಅನ್ನೋ ಇಚ್ಛೆ ನಿಮ್ಮದು. ತೆಗೀರಿ. ತೆಗೆದಿದ್ದೀನಿ ಅಂತ ನೀವೇ ಬರೀರಿ, ನೀವೇ ಸಹಿ ಮಾಡಿ, ಯಾಕೆ ಅಂತಾನೂ ಬರೀರಿ. ನಿಮ್ಮ ಕೊಳಕು ಇಷ್ಟು ವರ್ಷ ನಾನು ತೊಳೆದೆ. ಇದೊಂದನ್ನ ನೀವು ತೊಳ್ಕೊಳ್ಳಿ.”

ಹಾಳೆಯನ್ನು ಮೇಜಿನ ಮೇಲಿಟ್ಟು ನಿಂತೆ. ಅವರು ಗುಮಾಸ್ತನನ್ನು ಕರೆದು, ಕೆಲಸದಿಂದ ತೆಗೆದಿದೆ ಅಂತ ಬೇರೆ ಹಾಳೆ ಬರೆಸಿದರು. ಗುಮಾಸ್ತ ಕಾರಣದ ಜಾಗದಲ್ಲಿ ಏನು ಬರೆಯಲಿ ಸಾರ್ ಅಂದ. ಹೆಡ್‌ಮಾಸ್ಟರ್ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡರು. ಕೊನೆಗೆ ಆ ಜಾಗ ಖಾಲಿ ಬಿಟ್ಟೇ ಸಹಿ ಮಾಡಿದರು. ಆ ಹಾಳೆ ಈಗಲೂ ನನ್ನ ಹತ್ತಿರ ಇದೆ. ಅದನ್ನು ನೋಡಿ ನನ್ನನ್ನು ಎರಡು ಕಡೆ ಕೆಲಸಕ್ಕೆ ಬೇಡ ಅಂದಿದ್ದಾರೆ. ಮೂರನೆಯ ಕಡೆ, ಬಸ್ ನಿಲ್ದಾಣದಲ್ಲಿ, ಯಾರೂ ಓದಲೇ ಇಲ್ಲ.

ಹೊರಗೆ ಬಂದೆ. ಏಳನೇ ಕ್ಲಾಸಿನ ಕಿಟಕಿ ದಾಟಿಯೇ ಗೇಟಿಗೆ ಹೋಗಬೇಕು. ಗಣಿತ ನಡೆಯುತ್ತಿತ್ತು. ಬೋರ್ಡಿನ ಮೇಲೆ ಉದ್ದದ ಲೆಕ್ಕ. ಹಿಂದಿನ ಬೆಂಚಿನಲ್ಲಿ ಮಗಳು ಕೈ ಎತ್ತಿದ್ದಳು. ಬೆರಳುಗಳಲ್ಲಿ ಹೊಸ ಚರ್ಮ ಬರುತ್ತಿತ್ತು, ಗುಲಾಬಿ ಬಣ್ಣಕ್ಕೆ. ಟೀಚರ್ ಮುಂದಿನ ಬೆಂಚಿನವರನ್ನು ಕೇಳಿದರು, ನಡುವಿನ ಬೆಂಚಿನವರನ್ನು ಕೇಳಿದರು, ಬೋರ್ಡು ಒರೆಸಿದರು. ಅವಳನ್ನು ಕಾಣಲೇ ಇಲ್ಲ. ಅವಳು ಕೈ ಇಳಿಸಲಿಲ್ಲ. ಬಲಗೈ ಸೋತಾಗ ಎಡಗೈಯಿಂದ ಮೊಣಕೈಗೆ ಆಸರೆ ಕೊಟ್ಟುಕೊಂಡಳು.

ನಾನು ಕಿಟಕಿಯ ಸರಳು ಹಿಡಿದು ನಿಂತೆ. ಇನ್ನು ನನಗೆ ಅಲ್ಲಿ ಕೆಲಸವಿರಲಿಲ್ಲ, ಹೊತ್ತು ಬೇಕಾದಷ್ಟಿತ್ತು. ಟೀಚರ್ ನನ್ನನ್ನು ನೋಡಿದರು. ಮತ್ತೆ ಬೋರ್ಡಿಗೆ ತಿರುಗಿದರು. ಮತ್ತೆ ನೋಡಿದರು. ನಾನು ಕದಲಲಿಲ್ಲ.

ಕೊನೆಗೆ ಚಾಕ್‌ಪೀಸನ್ನು ಮೇಜಿನ ಮೇಲೆ ಎಸೆದು, “ಏನೇ ನಿಂದು?” ಅಂದರು.

ಮಗಳು ಎದ್ದು ನಿಂತಳು. “ಎರಡನೇ ಸಾಲಿನಲ್ಲಿ ತಪ್ಪಾಗಿದೆ ಮಿಸ್” ಅಂದಳು.